ಅಷ್ಟಾಂಗ ಮಾಸ್ತರು

ಕೈಗಡ ಕೊಟ್ಟ 500 ರೂಪಾಯಿ ವಾಪಸ್ ಕೇಳಿದರೆ ಅಷ್ಟಾಂಗ ಮಾಸ್ತರು ಕಣ್ಣು ಮುಚ್ಚುತ್ತಾರೆ. ಉಸಿರೆಳೆದು, ಬಿಟ್ಟು, ನಿಧಾನಕ್ಕೆ ಹೇಳುತ್ತಾರೆ: “ಅಪರಿಗ್ರಹ ಅಂತ ಕೇಳಿಯೇನು ತಮ್ಮಾ? ನಂದು, ನನಗ ಬೇಕು ಅನ್ನೋದ ಎಲ್ಲಾ ರೋಗದ ಬೇರು.” ಕೇಳಲು ಹೋದವನು ತನ್ನ ಲೋಭಕ್ಕೆ ತಾನೇ ನಾಚಿಕೊಂಡು, ಅವರ ಚಹಾದ ದುಡ್ಡನ್ನೂ ಕೊಟ್ಟು ಬರುತ್ತಾನೆ.

ಕೊಪ್ಪಳದಲ್ಲಿ ಇಂಥವರನ್ನು ಹುಡುಕಬೇಕಾಗಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಯಾವ ಹುದ್ದೆ ಖಾಲಿ ಇತ್ತೋ ಬಿಟ್ಟಿತ್ತೋ, ಈ ಹುದ್ದೆಯಂತೂ ಭರ್ತಿಯಾಗಿತ್ತು. ಬಿಳಿ ಪೈಜಾಮ, ಹೆಗಲಿಗೊಂದು ಟವೆಲ್, ಬಗಲಲ್ಲಿ ಸುತ್ತಿದ ಚಾಪೆ. ಎಳವೆಯಲ್ಲಿ ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮಿಗಳ ಶಿಬಿರದಲ್ಲಿ ಕಲಿತದ್ದು ಎನ್ನುತ್ತಾರೆ. ಸ್ವಾಮಿಗಳು ಊರೂರು ತಿರುಗಿ ಯೋಗ ಕಲಿಸಿದವರು, ಹಾಗಾಗಿ ಅಲ್ಲಗಳೆಯಲು ಬಾರದು. ಸ್ವಾಮಿಗಳು ಮೈ ಬಗ್ಗಿಸಿದರು, ಮಾಸ್ತರು ಬಗ್ಗಿಸುವುದು ಅರ್ಥವನ್ನು.

“ಪತಂಜಲಿ ಸೂತ್ರ ಹೆಚ್ಚುಕಮ್ಮಿ 200 ಅದಾವು. ಅದರಾಗ ಆಸನಕ್ಕ ಕೊಟ್ಟದ್ದು ಮೂರ. ಉಳಿದದ್ದೆಲ್ಲಾ ಮನಸಿಗೆ. ನಾ ಯಾಕ ಮುಂಜಾನೆದ್ದು ಸೊಂಟ ಮುರಕೋಬೇಕು?” ಲೆಕ್ಕ ಸರಿಯಾಗಿಯೇ ಇದೆ. ತೊಂದರೆಯೇ ಅದು.

ಮನೆಯಲ್ಲಿ ಅವರ ಮೆಚ್ಚಿನ ಅಂಗ ಐದನೆಯದು, ಪ್ರತ್ಯಾಹಾರ. ಇಂದ್ರಿಯಗಳನ್ನು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುವುದು. ಅಕ್ಕೋರು ಅಡುಗೆಮನೆಯಿಂದ “ಏನ್ರೀ, ನಳ ಬಂದೈತಿ, ಕೊಡ ಹಿಡೀರಿ” ಎಂದ ಕ್ಷಣ ಇದು ತಾನಾಗಿಯೇ ಸಿದ್ಧಿಸುತ್ತದೆ. ನೀರು ನಿಂತ ಮೇಲೆ ಕಿವಿ ಮರಳುತ್ತದೆ. ಒಮ್ಮೆ ಎರಡನೇ ಸಲ ಚಹಾ ಕೇಳಿದರು. “ಸಂತೋಷ ಅಂದ್ರ ಇದ್ದುದ್ರಾಗ ತೃಪ್ತಿ ಪಡೋದು ಅಂತ ನಿನ್ನೆನ ಹೇಳಿದ್ರಲ್ರಿ” ಎಂದರು ಅಕ್ಕೋರು. ಮನೆಯೊಳಗೆ ಶಾಸ್ತ್ರ ತೆಗೆಯುವುದು ಅಂದಿನಿಂದ ಕಡಿಮೆಯಾಗಿದೆ.

ಗಂಗಾವತಿಯಲ್ಲಿ ಈ ತಳಿ ಅಕ್ಕಿ ಗಿರಣಿ ಇಟ್ಟುಕೊಂಡಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಸುಗ್ಗಿಯಲ್ಲಿ ದರ ಬಿದ್ದಾಗ ಗೋದಾಮಿಗೆ ಬರುವುದು ಪ್ರಾಣಾಯಾಮದ ಪೂರಕ. ದರ ಏರುವತನಕ ಬಾಗಿಲು ಹಾಕಿಡುವುದು ಕುಂಭಕ. ಏರಿದ ಮೇಲೆ ಲಾರಿ ಹೊರಡುವುದು ರೇಚಕ. ಮೂರರಲ್ಲಿ ಕುಂಭಕವೇ ಹೆಚ್ಚಿನದು ಎಂದು ಹಠಯೋಗಿಗಳೂ ಒಪ್ಪುತ್ತಾರೆ. ಈ ಗಿರಣಿಯವರು ಅಂಜನಾದ್ರಿಯ 575 ಮೆಟ್ಟಿಲು ಹತ್ತಲೆಂದು ಹೊರಟು ನೂರನೆಯದರಲ್ಲಿ ಕೂತುಬಿಡುತ್ತಾರೆ. ಮಾತಾಡಿಸಿದರೆ ಕೈ ಎತ್ತಿ ತಡೆಯುತ್ತಾರೆ, ಧ್ಯಾನವಂತೆ. ಕುಷ್ಟಗಿಯ ಶಾಖೆ ಬಸ್ಸಿನಲ್ಲಿ ಸೀಟು ಹಿಡಿದು, ನಿಂತವರಿಗೆ ತಾಡಾಸನದ ಲಾಭ ವಿವರಿಸುತ್ತದೆ. ಯಲಬುರ್ಗಾದಲ್ಲಿ ಮಾತ್ರ ಈ ಜನ ಅಪರೂಪ. ಎರಿ ಹೊಲ, ಮಳೆ ನಂಬಿದ ಜೋಳ, ಕಡಲೆ. ಮುಗಿಲು ನೋಡುತ್ತ ಕೂತ ರೈತನ ಮುಂದೆ “ಫಲದ ಆಸೆ ಬಿಡಪಾ” ಎಂದರೆ ಅವನ ಕೈಗೆ ಬಾರಕೋಲು ಬರುತ್ತದೆ.

ಮಾಸ್ತರ ಪಾಂಡಿತ್ಯ ಪೂರ್ತಿ ಬೆಳಗುವುದು ಸಂಜೆ, ಮಿರ್ಚಿ ಬಂಡಿಯ ಮುಂದೆ. ಕೊಪ್ಪಳದಲ್ಲಿ ಮಿರ್ಚಿಯನ್ನು ಬರೀ ತಿಂಡಿ ಎನ್ನುವ ಹಾಗಿಲ್ಲ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಕರಿದು ಬಡಿಸುವ ಪ್ರಸಾದ ಅದು. ಯಾರೋ ಹುಡುಗ ಕೆಣಕುತ್ತಾನೆ: “ಹಠಯೋಗ ಪ್ರದೀಪಿಕಾದಾಗ ಖಾರ, ಎಣ್ಣಿ ಬ್ಯಾಡ ಅಂದಾರಲ್ರಿ ಸರ?” ಮಾಸ್ತರು ಇದಕ್ಕೇ ಕಾದಿದ್ದರು. “ಸ್ವಾತ್ಮಾರಾಮ ಬರದದ್ದು 15ನೇ ಶತಮಾನದಾಗ. ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು ಆಮ್ಯಾಲ. ಹುಟ್ಟದ ಕೂಸಿಗೆ ಶಿಕ್ಷಾ ಕೊಡಾಕ ಬರ್ತೈತೇನಪಾ?” ಬಂಡಿಯವನು ಖುಷಿಯಾಗಿ ಇನ್ನೆರಡು ಹಾಕುತ್ತಾನೆ. ಎಣ್ಣೆಯ ವಿಷಯಕ್ಕೆ ಅವರು ಬರುವುದೇ ಇಲ್ಲ. ಹೊಟ್ಟೆಯ ಕಾಲುಭಾಗ ಖಾಲಿ ಬಿಡಬೇಕೆಂದೂ ಅದೇ ಗ್ರಂಥ ಹೇಳುತ್ತದಲ್ಲ, ಅದಕ್ಕೆ ಮಾತ್ರ ಅವರ ಪೂರ್ಣ ಸಮ್ಮತಿ. ಆದರೆ ಆ ಕಾಲುಭಾಗ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲು ತುಂಬಿಸಿಯೇ ನೋಡಬೇಕು. ಒಗ್ಗರಣಿ ಒಂದು ತಾಟು, ಮಿರ್ಚಿ ಆರು. ಏಳನೆಯದೊಂದೇ ತಾಟಿನಲ್ಲಿ ಉಳಿದರೆ ಅದಕ್ಕೆ ನೋವಾಗುತ್ತದೆಂದು, ಅಹಿಂಸೆಯ ಲೆಕ್ಕದಲ್ಲಿ ಅದೂ ಒಳಗೆ.

ಜೂನ್ 20ರ ಸಂಜೆಯೂ ಈ ವ್ರತ ತಪ್ಪುವುದಿಲ್ಲ. ಮರುದಿನ, 2015ರಿಂದ ಈಚೆಗೆ, ಅಂತರರಾಷ್ಟ್ರೀಯ ಯೋಗ ದಿನ. ಮೈದಾನದಲ್ಲಿ ಅಧಿಕಾರಿಗಳು, ಶಾಲೆ ಮಕ್ಕಳು, ಕೊನೆಗೆ ಹಂಚುವ ಬಾಳೆಹಣ್ಣಿನ ಬುಟ್ಟಿ, ಅದರ ಪಕ್ಕದ ಕುರ್ಚಿಯಲ್ಲಿ ಮಾಸ್ತರು. ಉಳಿದ ಆಸನಗಳಿಗೆಲ್ಲ “ಬೆನ್ನು ನೆಟ್ಟಗ, ಬೆನ್ನು ನೆಟ್ಟಗ” ಎಂದು ಕೂತಲ್ಲಿಂದಲೇ ಕೂಗುವವರು, ಪವನಮುಕ್ತಾಸನ ಎಂದು ಮೈಕಿನಲ್ಲಿ ಕೇಳಿದ್ದೇ ತಡ, ಇಳಿದು ಬಂದು ಚಾಪೆ ಹಾಸಿ, ಮೊಣಕಾಲು ಎದೆಗೊತ್ತಿಕೊಂಡು ತಾವೇ ಮಾಡಿ ತೋರಿಸುತ್ತಾರೆ. ಅಷ್ಟು ಶ್ರದ್ಧೆ ಬೇರೆ ಯಾವ ಆಸನದಲ್ಲೂ ಕಂಡಿಲ್ಲ. ಹಿಂದಿನ ಸಾಲಿನ ಮಕ್ಕಳು ಯಾರೂ ಹೇಳದೆಯೇ ಮೂಗು ಹಿಡಿದು ಕುಂಭಕ ಶುರು ಮಾಡುತ್ತಾರೆ.