ಕಾಲು ಸುತ್ತಿನ ಮಿಸ್ತ್ರಿ

ಬಳ್ಳಾರಿಯ ಕೌಲ್ ಬಜಾರ್, ಬ್ರೂಸ್‌ಪೇಟೆಗಳಂಥ ಹಳೆಯ ಪೇಟೆಗಳಲ್ಲಿಯೂ ಸಿರುಗುಪ್ಪ, ಕುರುಗೋಡುಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿಯೂ ಒಂದು ಗಾಳಿ ಪಂಪು, ಪಂಚರ್ ಹುಡುಕುವ ನೀರಿನ ಬೋಗುಣಿ ಮತ್ತು ತೂಗುಹಾಕಿದ ಹಳೆಯ ಟೈರುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತಿರುವ ಸೈಕಲ್ ಮಿಸ್ತ್ರಿಯು, ಬೈಕುಗಳ ಈ ಕಾಲದಲ್ಲಿ ಸಂಖ್ಯೆಯಲ್ಲಿ ಕ್ಷೀಣಿಸಿದ್ದರೂ ಗತ್ತಿನಲ್ಲಿ ಎಳ್ಳಷ್ಟೂ ಕ್ಷೀಣಿಸದ ವರ್ಗಕ್ಕೆ ಸೇರಿದವನು. ಪಂಚರ್ ಹಾಕುವುದು ಅವನ ಹೊಟ್ಟೆಪಾಡು; ಅದನ್ನು ಅಂಗಡಿಯ ಹುಡುಗನಿಗೆ ಬಿಟ್ಟುಕೊಟ್ಟಾನು. ಗಾಲಿಯ ಬೇರಿಂಗ್ ಹೋಗಿದೆಯೇ ಇಲ್ಲವೇ ಎಂದು ತೀರ್ಪು ಕೊಡುವ ಅಧಿಕಾರವನ್ನು ಮಾತ್ರ ಯಾರಿಗೂ ಬಿಟ್ಟುಕೊಡುವವನಲ್ಲ.

ಬೇರಿಂಗ್ ಎಂದರೆ ಇಲ್ಲಿ ಗಾಲಿಯ ನಡುವಿನ ಹಬ್ಬಿನೊಳಗೆ ಉರುಳುವ ಉಕ್ಕಿನ ಗುಂಡುಗಳು, ಅಂದರೆ ಅಂಗಡಿಯ ಭಾಷೆಯ ಬಾಲ್ಸು. ಹಬ್ಬಿನ ಎರಡೂ ತುದಿಗೆ ಬಟ್ಟಲಿನಂಥ ಕಪ್ಪು, ಅಚ್ಚಿನ ಮರೆಗೆ ಕೂರುವ ಮೊನಚು ಮೈಯ ಕೋನು, ಇವೆರಡರ ನಡುವೆ ಬಾಲ್ಸು: ಸಾಮಾನ್ಯ ಸೈಕಲ್ಲಿನ ಮುಂದಿನ ಗಾಲಿಗೆ ಒಂದೊಂದು ಬದಿಗೆ 3/16 ಅಂಗುಲದ 10, ಹಿಂದಿನದಕ್ಕೆ ಕಾಲು ಅಂಗುಲದ 9, ಒಟ್ಟು 38. ಪ್ಯಾರಿಸ್ಸಿನ ಜೂಲ್ ಸುರಿರೇ 1869ರಲ್ಲಿ ಸೈಕಲ್ಲಿನ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದನೆಂದೂ, ಅದೇ ವರ್ಷದ ನವೆಂಬರಿನಲ್ಲಿ ಜೇಮ್ಸ್ ಮೂರ್ ಎಂಬಾತ ಅಂಥ ಗಾಲಿಯ ಮೇಲೆ ಪ್ಯಾರಿಸ್ಸಿನಿಂದ ರುವಾನ್‌ವರೆಗಿನ ಪಂದ್ಯ ಗೆದ್ದನೆಂದೂ ಇತಿಹಾಸ ಹೇಳುತ್ತದೆ. ಈ ಸಂಗತಿಯನ್ನು ಮಿಸ್ತ್ರಿಗೆ ತಿಳಿಸಿದರೆ ದೊರೆಯಬಹುದಾದ ಉತ್ತರ ಒಂದೇ: “ಆತ ನಮ್ಮ ಸಿರುಗುಪ್ಪ ರೋಡಿನ್ಯಾಗ ಹೊಡೀಬೇಕಿತ್ತು, ಗೊತ್ತಾಗ್ತಿತ್ತು.”

ಗಿರಾಕಿಯು ಬಂದವನೇ “ಬೇರಿಂಗ್ ಹೋಗೈತಿ ನೋಡಣ್ಣ” ಎಂದು ರೋಗದ ಹೆಸರನ್ನು ತಾನೇ ಹೇಳಿಬಿಡುವುದು ಮಿಸ್ತ್ರಿಯ ದೃಷ್ಟಿಯಲ್ಲಿ ದೊಡ್ಡ ಅಪರಾಧವಾದ್ದರಿಂದ, ಅವನು ಮೊದಲು ಏನನ್ನೂ ಹೇಳುವುದಿಲ್ಲ. ರಂಗನಟ ಬಳ್ಳಾರಿ ರಾಘವರ ಊರಿನಲ್ಲಿ ಮೌನವನ್ನು ಎಲ್ಲಿ ಎಷ್ಟು ಹಿಡಿಯಬೇಕೆಂಬುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಬಳಿಕ ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾನೆ. ಕಟಕಟ ಎಂದರೆ ಗಾಲಿಯಲ್ಲಿ ‘ಪ್ಲೇ’ ಇದೆ, ಎಂದರೆ ಇರಬಾರದ ಸಡಿಲವಿದೆ. ಗಾಲಿಯನ್ನು ಎತ್ತಿ ತಿರುಗಿಸಿ, ಫೋರ್ಕಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚುತ್ತಾನೆ. ಗರಗರ ಎಂಬ ನಡುಕ ಬೆರಳಿಗೆ ತಾಗಿದರೆ ಒಳಗೆ ಮರಳಿದೆ ಅಥವಾ ಕೋನು ತಿಂದುಹೋಗಿದೆ. ಕೊನೆಗೆ ಗಾಲಿ ಬಿಚ್ಚಿ ಅಚ್ಚನ್ನು ಎರಡು ಬೆರಳಲ್ಲಿ ತಿರುಗಿಸಿ, ಒಂದು ಕಡೆ ಬಿಗಿ ಮತ್ತೊಂದು ಕಡೆ ಸಡಿಲವೆಂದು ಕಂಡರೆ ಅಚ್ಚೇ ಬಾಗಿರಬಹುದೆಂದು ತಲೆಯಾಡಿಸುತ್ತಾನೆ. ಕಣ್ಣು ಮುಚ್ಚುವ ಅಗತ್ಯವೇನೂ ಇಲ್ಲ, ಉಳಿದೆಲ್ಲವೂ ಶಾಸ್ತ್ರಶುದ್ಧ. ಆಮೇಲೆ ಬರುವುದು ಪರಂಪರಾಗತವಾದ ಮೊದಲ ವಾಕ್ಯ: “ಇದನ್ನ ಮುಂಚೆ ಯಾರಣ್ಣ ಬಿಚ್ಚಿದ್ದು?” ಬಿಚ್ಚಿದವನು ತಾನೇ ಎಂದು ತಿಳಿದುಬಂದ ಪಕ್ಷದಲ್ಲಿ, ಈಗಿನ ಬಾಲ್ಸಿನಲ್ಲಿ ಉಕ್ಕೇ ಇಲ್ಲವೆಂಬ ಇನ್ನೊಂದು ವಾಕ್ಯವೂ ಸಿದ್ಧವಿರುತ್ತದೆ.

ಕಾರಣವನ್ನು ನಿರ್ಣಯಿಸುವಲ್ಲಿ ಊರೂರಿಗೆ ಮತಭೇದವುಂಟು. ಸಿರುಗುಪ್ಪದ ಮತವು ಎಲ್ಲ ದೋಷವನ್ನೂ ನೀರಿಗೆ ಹೊರಿಸುತ್ತದೆ. ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳ ನಡುವೆ ಓಡಾಡುವ ಸೈಕಲ್ಲಿನ ಹಬ್ಬಿಗೆ ಕೆಸರುನೀರು ಹೊಕ್ಕು, ಗ್ರೀಸು ತೊಳೆದುಹೋಗಿ, ಬಾಲ್ಸಿಗೆ ತುಕ್ಕಿನ ಚುಕ್ಕೆ ಬೀಳುವುದರಿಂದ ಇದನ್ನು ಅಲ್ಲಗಳೆಯುವುದು ಕಷ್ಟ. ಕುರುಗೋಡಿನ ಮತವು ಧೂಳನ್ನು ನಂಬಿದ್ದು, ದೊಡ್ಡಬಸವೇಶ್ವರನ ಜಾತ್ರೆಯ ಮಾರನೆಯ ದಿನ ಅದಕ್ಕೆ ಹೆಚ್ಚು ಅನುಯಾಯಿಗಳು ದೊರೆಯುತ್ತಾರೆ. ಬಳ್ಳಾರಿಯವರದು ‘ಭಾರ’ದ ವಾದ: ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಜೀನ್ಸ್ ಬಟ್ಟೆಯ ಗಂಟು. ಆದರೆ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಡತೊಡಗಿದ ಉಚಿತ ಸೈಕಲ್ಲು ಕಣ್ಣಿಗೆ ಬಿದ್ದೊಡನೆ ಮೂರೂ ಮತಗಳು ಒಂದಾಗಿ, ಪರೀಕ್ಷೆಯಿಲ್ಲದೆಯೇ ತೀರ್ಪು ಹೊರಬೀಳುತ್ತದೆ.

ಬಿಚ್ಚಿದ ಮೇಲೆ ಮಿಸ್ತ್ರಿಯ ನಾಟಕ ನಿಂತು ನಿಜವಾದ ವಿದ್ಯೆ ಕಾಣಿಸಿಕೊಳ್ಳುತ್ತದೆ. ಬಾಲ್ಸನ್ನು ಡಬ್ಬಿಯ ಮುಚ್ಚಳಕ್ಕೆ ಸುರಿದು ಡೀಸೆಲ್ಲಿನಲ್ಲಿ ತೊಳೆದು, ಕೋನನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಕಪ್ಪು ಗಾಲಿಯೊಡನೆ ಸುತ್ತುವುದರಿಂದ ಅದರ ಸವೆತ ಸುತ್ತಲೂ ಹಂಚಿಹೋಗುತ್ತದೆ; ಅಚ್ಚಿನೊಡನೆ ಕದಲದೆ ನಿಂತ ಕೋನಾದರೋ ಸವಾರನ ಭಾರವನ್ನು ಸದಾ ತನ್ನ ಕೆಳಮೈಯಲ್ಲೇ ಹೊರಬೇಕಾದ್ದರಿಂದ ಅಲ್ಲಿಯೇ ಮೊದಲು ಗುಳಿ ಬೀಳುತ್ತದೆ. ಗುಳಿ ಬಿದ್ದ ಕೋನಿಗೆ ಹೊಸ ಬಾಲ್ಸು ಹಾಕುವುದು ವ್ಯರ್ಥ. “ಚಲೋ ಇದ್ದವು ಇರಲಿ, ಕೆಟ್ಟವಷ್ಟೇ ಬದ್ಲಿಸು” ಎಂಬ ಗಿರಾಕಿಯ ಮಿತವ್ಯಯವೂ ಅಷ್ಟೇ ವ್ಯರ್ಥ. ಹೊಸದು ಸವೆದದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿದ್ದು, ಇಡೀ ಭಾರ ಅದೊಂದರ ಮೇಲೆಯೇ ಕೂರುತ್ತದೆ. ಕಪ್ಪಿಗೆ ಗ್ರೀಸು ಮೆತ್ತಿ, ಬಾಲ್ಸನ್ನು ಒಂದೊಂದಾಗಿ ಅಂಟಿಸಿ, ಕೋನನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ತುಸು ಹಿಂದಕ್ಕೆ ಸಡಿಲಿಸಿ, ಪಾನಾದಿಂದ ಅದನ್ನು ಹಿಡಿದಿಟ್ಟು ಮೇಲಿನ ನಟ್ಟನ್ನು ಬಿಗಿಯುತ್ತಾನೆ. ಕಾಲು ಸುತ್ತು ಹೆಚ್ಚಾದರೆ ಗಾಲಿ ಒದರುತ್ತದೆ, ಕಾಲು ಸುತ್ತು ಕಡಿಮೆಯಾದರೆ ಅಲ್ಲಾಡುತ್ತದೆ. ನಟ್ಟು ಬಿಗಿಯುವಾಗಲೇ ಕೋನು ಕದಲಿ ಎಲ್ಲವೂ ಕೆಡುವುದುಂಟಾದ್ದರಿಂದ ಈ ಕೆಲಸ ಎರಡು ಮೂರು ಬಾರಿಯಾದರೂ ನಡೆಯುತ್ತದೆ. ಪರೀಕ್ಷೆ ಸರಳ: ಮುಂದಿನ ಗಾಲಿಯನ್ನು ಎತ್ತಿ, ಗಾಳಿ ತುಂಬುವ ವಾಲ್ವನ್ನು ಪಕ್ಕಕ್ಕೆ ತಂದು ಬಿಟ್ಟರೆ, ಆ ಚೂರು ತೂಕಕ್ಕೇ ಗಾಲಿ ತಾನಾಗಿ ತಿರುಗಿ ವಾಲ್ವು ಕೆಳಗೆ ಬಂದು ನಿಲ್ಲಬೇಕು.

ಇಷ್ಟು ಬಲ್ಲವನಿಗೆ ಕಣ್ಣು ಮುಚ್ಚುವ ಆಟವೇಕೆ ಎಂಬ ಪ್ರಶ್ನೆಗೆ ಉತ್ತರ ಹಣ ಎಣಿಸುವಾಗ ಸಿಗುತ್ತದೆ. ಗಿರಾಕಿಯು ಬಾಲ್ಸಿಗೆ ಕೊಡುತ್ತಾನೆ, ಕೋನಿಗೆ ಕೊಡುತ್ತಾನೆ, ಗ್ರೀಸಿಗೆ ಚೌಕಾಸಿ ಮಾಡಿ ಕೊಡುತ್ತಾನೆ, ಕಾಲು ಸುತ್ತಿಗೆ ಮಾತ್ರ ಕೊಡುವುದಿಲ್ಲ, ಏಕೆಂದರೆ “ಬರೇ ನಟ್ ತಿರುವಿದ್ದಕ್ಕ ಎಷ್ಟಂತ ಕೊಡ್ಲಿ?” ಆದ್ದರಿಂದ ಮಿಸ್ತ್ರಿಯು ಮಜೂರಿಯನ್ನು ಬಾಲ್ಸಿನ ಬೆಲೆಯೊಳಗೆ ಅಡಗಿಸಿಡುತ್ತಾನೆ. ಇದನ್ನು ಊಹಿಸಿದ ಗಿರಾಕಿಯು ಹೊಸದು ನಿಜವಾಗಿ ಹಾಕಲಾಗಿದೆಯೇ ಎಂಬ ಸಂಶಯದಿಂದ ಹಳೆಯ ಬಾಲ್ಸನ್ನು ಕೇಳಿ ಪಡೆದು ಅಂಗೈಯಲ್ಲಿ ಎಣಿಸುತ್ತಾನೆ. 38ಕ್ಕೆ 37 ಬಂದರೆ ವಾಗ್ವಾದವು ಚಹಾ ಬರುವವರೆಗೂ ನಡೆಯುತ್ತದೆ. ಆ ಇನ್ನೊಂದು ಸಾಮಾನ್ಯವಾಗಿ ಅಂಗಡಿಯ ಹುಡುಗನ ಜೇಬಿನಲ್ಲಿರುತ್ತದೆ.