ಸರ್ವರ್ ನಾಮಕರಣ ಮೀಮಾಂಸೆ

ಪೂರ್ವಪಕ್ಷದವರ ವಾದ ಇಷ್ಟೇ: ‘ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್’ ಎಂಬ ಆಜ್ಞೆಯ ಮುಂದೆ ಹೆಸರು ಟೈಪಿಸಿ ಎಂಟರ್ ಒತ್ತಿದರೆ ಲಿನಕ್ಸ್ ಸರ್ವರಿನ ನಾಮಕರಣ ಮುಗಿಯಿತು. ಮುಗಿಯಲಿಲ್ಲ ಎಂಬುದೇ ನಮ್ಮ ಸಿದ್ಧಾಂತ.

ಮೊದಲನೆಯದಾಗಿ, ಹೆಸರು ಒಂದಲ್ಲ, ಮೂರು ಎಂದು ಸಿಸ್ಟಮ್‌ಡಿ ಮತದವರೇ ಸಾರಿದ್ದಾರೆ. ಸ್ಟ್ಯಾಟಿಕ್ ನಾಮ ಡಿಸ್ಕಿನ ಕಡತದಲ್ಲಿರುವುದರಿಂದ ರೀಬೂಟ್ ಎಂಬ ಪ್ರಳಯಕ್ಕೂ ಅಳಿಯದು. ಟ್ರಾನ್ಸಿಯೆಂಟ್ ನಾಮ ಮಾಯೆ. ಡಿಎಚ್‌ಸಿಪಿ ಕೊಟ್ಟರೂ ಕೊಟ್ಟೀತು. ಪ್ರೆಟಿ ನಾಮ ಬರೀ ಅಲಂಕಾರ, ಅದರಲ್ಲಿ ಕನ್ನಡ ಅಕ್ಷರವನ್ನೂ ಬಳಸಬಹುದು. ಕನ್ನಡಕ್ಕೆ ಅಲಂಕಾರದ ಪೀಠ ಕೊಡುವ ಪದ್ಧತಿ ಇಲ್ಲಿಯೂ ಊರ್ಜಿತವಾಗಿರುವುದನ್ನು ಸಹೃದಯರು ಗಮನಿಸಬೇಕು.

ಯಾವ ಹೆಸರಿಡಬೇಕೆಂಬಲ್ಲಿ ಪಂಡಿತರು ಎರಡು ಪಂಗಡ. ಪುರಾಣಪಂಥದವರು ಒಂದು ಜಿಬಿ ಮೆಮೊರಿಯ ಬಡಪಾಯಿಗೂ ಘಟೋತ್ಕಚ ಎಂದಿಡುತ್ತಾರೆ. ಸಂಖ್ಯಾಪಂಥದವರದು ವೆಬ್-01, ವೆಬ್-02. ಮುಂದೆ ವೆಬ್-02ರಲ್ಲಿ ಡೇಟಾಬೇಸ್ ಕೂತಾಗ ಅವರು ಮೌನವ್ರತ ಹಿಡಿಯುತ್ತಾರೆ. 1990ರ ಆರ್‌ಎಫ್‌ಸಿ 1178 ಎಂಬ ಸ್ಮೃತಿಗ್ರಂಥವಾದರೋ ಯಂತ್ರಕ್ಕೆ ನಿಮ್ಮದೇ ಹೆಸರಿಡಬೇಡಿ ಎಂದು ವಿಧಿಸಿದೆ. ಅಂಡರ್‌ಸ್ಕೋರ್ ಸರ್ವಥಾ ನಿಷಿದ್ಧ. ಅಡ್ಡಗೆರೆ ನಡುವೆ ಇರಬಹುದು, ತುದಿಯಲ್ಲಿ ಸಲ್ಲದು. ಎರಡು ಚುಕ್ಕಿಗಳ ನಡುವಿನ ಭಾಗ 63 ಅಕ್ಷರ ಮೀರಬಾರದು. ಇವಕ್ಕೆ ಪ್ರಾಯಶ್ಚಿತ್ತವಿಲ್ಲ.

ಇನ್ನು ಇತಿಹಾಸ. ಆರ್ಪಾನೆಟ್ ಯುಗದಲ್ಲಿ ಜಾಲದ ಕಂಪ್ಯೂಟರುಗಳ ಹೆಸರೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಿ ಆ ಪಟ್ಟಿ ನಿಭಾಯಿಸಲಾಗದಂತಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ರೂಪಿಸಿದರು. ಆದರೇನು? ಆ ಪಟ್ಟಿಯ ಕುಡಿಯಾದ ‘ಇಟಿಸಿ ಹೋಸ್ಟ್ಸ್’ ಕಡತಕ್ಕೇ ಸರ್ವರಿನೊಳಗೆ ಸಾಮಾನ್ಯವಾಗಿ ಇಂದಿಗೂ ಅಗ್ರಪೂಜೆ. ಡಿಎನ್‌ಎಸ್ ಸರದಿ ಆಮೇಲೆ.

ಈ ಹಿರಿಯ ಕಡತವನ್ನು ಕಡೆಗಣಿಸಿ ಹೆಸರು ಬದಲಿಸಿದವನಿಗೆ ಫಲ ಬೇಗ ಸಿಗುತ್ತದೆ. ಸುಡೊ ಎಂದು ಏನನ್ನೇ ಟೈಪಿಸಲಿ, ‘ಅನೇಬಲ್ ಟು ರಿಸಾಲ್ವ್ ಹೋಸ್ಟ್’ ಎಂಬ ಗೊಣಗಾಟ ಸಾಮಾನ್ಯವಾಗಿ ಮೊದಲು ಬರುತ್ತದೆ. ತಾನು ಘಟೋತ್ಕಚನೆಂದು ಯಂತ್ರಕ್ಕೆ ಗೊತ್ತು. ಆದರೆ ಘಟೋತ್ಕಚ ಎಲ್ಲಿದ್ದಾನೆಂದು ಅದಕ್ಕೇ ಗೊತ್ತಿಲ್ಲ! ಅದ್ವೈತಿಗಳಿಗೂ ಈ ಸ್ಥಿತಿ ಅಪರಿಚಿತ. ಪರಿಹಾರವನ್ನು ಡೆಬಿಯನ್, ಉಬುಂಟು ಶಾಖೆಯವರು ಹೇಳಿದ್ದಾರೆ: ಆ ಕಡತದಲ್ಲಿ 127.0.1.1 ಎಂದು ಬರೆದು, ಮೊದಲು ಡೊಮೇನ್ ಸಹಿತ ಪೂರ್ಣನಾಮ, ಆಮೇಲೆ ಬರೀ ಹೆಸರು. ಹಿಂದುಮುಂದಾದರೆ ಪೂರ್ಣನಾಮ ಕೇಳಿದಾಗ ಯಂತ್ರ ಮೋಟು ಹೆಸರನ್ನೇ ಒಪ್ಪಿಸುತ್ತದೆ.

ಇಷ್ಟಾದರೂ ಹೊರಜಗತ್ತಿಗೆ ನಿಮ್ಮ ಘಟೋತ್ಕಚ ಯಾರೋ ಏನೋ. ಅದಕ್ಕೆ ಡೊಮೇನಿನ ಡಿಎನ್‌ಎಸ್‌ನಲ್ಲಿ ‘ಎ’ ದಾಖಲೆಯನ್ನು ಬೇರೆಯೇ ಬರೆಯಬೇಕು. ಮುಂದೆ ಅದರಲ್ಲಿ ವಿಳಾಸ ಬದಲಿಸಿದರೂ, ಹಳೆಯ ದಾಖಲೆಯ ಟಿಟಿಎಲ್ ಅವಧಿ (ಅದನ್ನು ನೆನಪಿಟ್ಟುಕೊಳ್ಳುವ ಕಾಲ) ತೀರುವ ತನಕ ಜನ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತಾರೆ. ಆದಕಾರಣ, ವಿಳಾಸ ಬದಲಿಸುವ ಹಿಂದಿನ ದಿನವೇ ಟಿಟಿಎಲ್ ಇಳಿಸಿಡಿ.