ತೇಗಿನ ಕರ್ತೃತ್ವ ವಿಚಾರ

ಹೊರನಾಡ ಕನ್ನಡ ಕುಟುಂಬಗಳಲ್ಲಿ ಹಾಲುಗೂಸಿನ ಹೊಟ್ಟೆಯ ಮೇಲೆ ಹಕ್ಕು ಸಾಧಿಸುವವರು ಸಾಮಾನ್ಯವಾಗಿ ನಾಲ್ವರು: ಬಾಣಂತನಕ್ಕೆಂದು ವಿಮಾನವೇರಿ ಬಂದ ಅಜ್ಜಿ, ಹಾಲು ಕುಡಿದ ನಿಮಿಷಗಳನ್ನು ಮೊಬೈಲಿನ ಆ್ಯಪ್‌ನಲ್ಲಿ ಎಣಿಸುವ ತಂದೆ, ಆ ದೇಶದ ಆರೋಗ್ಯ ವ್ಯವಸ್ಥೆ, ಮತ್ತು ಊರಿನಲ್ಲೇ ಉಳಿದು ವೀಡಿಯೊ ಕರೆಯ ಮೂಲಕ ಆಡಳಿತ ನಡೆಸುವ ತಾತ. ಹೊಟ್ಟೆಯ ಒಡೆತನವುಳ್ಳ ಕೂಸಿಗೆ ಮಾತು ಬಾರದ ಕಾರಣ ಅದರ ಅಭಿಪ್ರಾಯ ಅಳುವಿನ ರೂಪದಲ್ಲಿ ಮಾತ್ರ ದಾಖಲಾಗುತ್ತದೆ. ಹಾಲೂಡುವ ತಾಯಿಗೆ ಮಾತು ಬರುತ್ತದಾದರೂ ಅವಳನ್ನು ಕೇಳುವ ಪದ್ಧತಿ ಇನ್ನೂ ರೂಢಿಗೆ ಬಂದಿಲ್ಲ.

ವೈದ್ಯರು ಕೋಲಿಕ್ ಎಂದೂ ಮನೆಯವರು ಹೊಟ್ಟೆನುಲಿತ ಎಂದೂ ಕರೆಯುವ ಸ್ಥಿತಿಯೇ ಈ ವ್ಯಾಜ್ಯಗಳ ಮೂಲ. ಚೆನ್ನಾಗಿ ಹಾಲು ಕುಡಿಯುತ್ತ, ತೂಕ ಏರುತ್ತ, ಬೇರಾವ ಕಾಯಿಲೆಯೂ ಇಲ್ಲದಿರುವ ಕೂಸು ಸಂಜೆಯಾದೊಡನೆ ಮುಖ ಕೆಂಪೇರಿಸಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು, ಯಾವ ಸಮಾಧಾನಕ್ಕೂ ಬಗ್ಗದೆ ಅಳುವುದು ಇದರ ಲಕ್ಷಣ. ಮಕ್ಕಳ ಚಿಕಿತ್ಸೆಗೇ ಮೀಸಲಾದ ಪ್ರಾಚೀನ ಆಯುರ್ವೇದ ಗ್ರಂಥ ಕಾಶ್ಯಪ ಸಂಹಿತೆಯ ವೇದನಾಧ್ಯಾಯವು, ಮಾತು ಬಾರದ ಮಗುವಿನ ನೋವನ್ನು ಅದರ ಚರ್ಯೆಯಿಂದ ತಿಳಿಯುವ ಬಗೆಯನ್ನು ವಿವರಿಸುತ್ತ, ಮೊಲೆಯನ್ನು ಬಿಟ್ಟುಬಿಡುವುದು, ಅಳುವುದು, ಹೊಟ್ಟೆ ಬಿಗಿಯುವುದು, ಮುಖ ಬೆವರುವುದು ಇವು ಹೊಟ್ಟೆಶೂಲೆಯ ಗುರುತುಗಳೆಂದು ಹೇಳಿದೆ. ಅಮೆರಿಕದ ಮಕ್ಕಳ ವೈದ್ಯ ಮೋರಿಸ್ ವೆಸೆಲ್ 1954ರಲ್ಲಿ ಇದಕ್ಕೆ ಲೆಕ್ಕವನ್ನು ಸೇರಿಸಿ, ದಿನಕ್ಕೆ 3 ಗಂಟೆಗೂ ಹೆಚ್ಚು, ವಾರಕ್ಕೆ 3 ದಿನಕ್ಕೂ ಹೆಚ್ಚು, 3 ವಾರಕ್ಕೂ ಮೀರಿ ಅಳುವ ಕೂಸನ್ನು ಈ ವರ್ಗಕ್ಕೆ ಸೇರಿಸಿದರು. ಎರಡನೆಯ ಅಥವಾ ಮೂರನೆಯ ವಾರದಲ್ಲಿ ಮೊದಲಾಗಿ, ಆರನೆಯ ವಾರದ ಹೊತ್ತಿಗೆ ತಾರಕಕ್ಕೇರಿ, ಮೂರು ನಾಲ್ಕು ತಿಂಗಳು ತುಂಬುವಾಗ ಈ ಅಳು ತಾನಾಗಿಯೇ ಇಳಿಯುತ್ತದೆ. ಕಾರಣದ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಅಜ್ಜಿಯರಲ್ಲಿ ಒಮ್ಮತವಿದೆ: ಬಾಣಂತಿ ತಿನ್ನಬಾರದ್ದನ್ನು ತಿಂದಿದ್ದಾಳೆ.

ಪ್ರಸ್ತುತ ವಿಚಾರಕ್ಕೆ ಆಕರವಾದ ಕುಟುಂಬದ ಅರ್ಧ ಭಾಗ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲೂ ಉಳಿದರ್ಧ ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಲ್ಲೂ ವಾಸಿಸುತ್ತದೆ. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂರೂ ಪಾಳಿಗಳಲ್ಲಿ ದುಡಿದು ನಿವೃತ್ತರಾದ ತಾತ, ಹಸು ಕರೆಯುವವರಿಲ್ಲವೆಂಬ ನೆಪವೊಡ್ಡಿ ಊರಲ್ಲೇ ಉಳಿದರು. ಅಜ್ಜಿ ಮಾತ್ರ ಶೆಂಗೆನ್ ವೀಸಾದ ಮೇಲೆ, ಅಂದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಗೊಡುವ ಪರವಾನಗಿಯ ಮೇಲೆ, ಹೆರಿಗೆಗೆ ಒಂದು ವಾರ ಮುಂಚಿತವಾಗಿ, ನವೆಂಬರ್ ಕೊನೆಯ ಚಳಿಯಲ್ಲಿ ಹೋಗಿಳಿದರು. ಅವರ ಪೆಟ್ಟಿಗೆಯಲ್ಲಿ ಇಂಗು, ಓಮ, ಬಜೆ ಬೇರು, ಹರಳೆಣ್ಣೆ, ಸಾಂಬ್ರಾಣಿ, ಮತ್ತು ಅಳಿಯನಿಗೆಂದು ಕೊಂಡ ಉಣ್ಣೆಯ ಕಾಲುಚೀಲದೊಳಗೆ ಅಡಗಿಸಿದ ಎರಡು ಸೀಸೆ ಗ್ರೈಪ್ ವಾಟರ್ ಇದ್ದವು. ಕೂಸಿನ ಅಳು ಸಂಜೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುವುದೆಂದು ತಿಳಿದಾಗ, ಅದು ಸೆಕೆಂಡ್ ಶಿಫ್ಟ್‌ಗೆ ಹಾಕಿಸಿಕೊಂಡಿದೆಯೆಂದೂ, ಹೊಸಬರಿಗೆ ಯಾವಾಗಲೂ ಅದೇ ಪಾಳಿ ಸಿಗುವುದೆಂದೂ ತಾತ ನಿರ್ಣಯಿಸಿದರು.

ತೇಗಿನ ಪ್ರಸಂಗ ನಡೆದದ್ದು ಕೂಸಿನ ಐದನೆಯ ವಾರದಲ್ಲಿ, ಸಂಕ್ರಾಂತಿಯ ಹಿಂದಿನ ವಾರದಲ್ಲಿ. ಚಳಿಗಾಲದಲ್ಲಿ ಭಾರತದ ಗಡಿಯಾರ ನೆದರ್ಲೆಂಡ್ಸಿಗಿಂತ ನಾಲ್ಕೂವರೆ ಗಂಟೆ ಮುಂದಿರುವುದರಿಂದ, ಐಂಡ್‌ಹೋವನ್‌ನಲ್ಲಿ ಸಂಜೆ ಐದೂವರೆಯ ಕತ್ತಲಾಗಿದ್ದಾಗ ಬಾಶೆಟ್ಟಿಹಳ್ಳಿಯಲ್ಲಿ ರಾತ್ರಿ ಹತ್ತಾಗಿತ್ತು; ಅವರೆಕಾಯಿಯ ಕಾಲವಾದ್ದರಿಂದ ತಾತ ಮುದ್ದೆ ಮತ್ತು ಹಿತಕಿದ ಬೇಳೆ ಸಾರಿನ ಊಟವನ್ನು ಆಗಷ್ಟೇ ಮುಗಿಸಿದ್ದರು. ಇತ್ತ ಹಾಲು ಕುಡಿದ ಕೂಸನ್ನು ಅಳಿಯ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದನು, ಅಜ್ಜಿ ಪಕ್ಕದಲ್ಲಿ ನಿಂತು ಹಾಗಲ್ಲ ಹೀಗೆ ಎನ್ನುತ್ತಿದ್ದರು, ತಾಯಿ ಕಣ್ಣು ಮುಚ್ಚಿ ಕುಳಿತಿದ್ದಳು, ಮೇಜಿನ ಮೇಲೆ ಒರಗಿಸಿಟ್ಟ ಫೋನಿನಲ್ಲಿ ತಾತನ ಹಣೆಯ ಮೇಲರ್ಧ ಮಾತ್ರ ಕಾಣುತ್ತಿತ್ತು. ತೇಗು, ಅಂದರೆ ಹಾಲಿನೊಡನೆ ನುಂಗಿದ ಗಾಳಿ ಬಾಯಿಯ ಮೂಲಕ ಹೊರಬರುವ ಕ್ರಿಯೆ, ಆಗುವವರೆಗೆ ಕೂಸನ್ನು ಮಲಗಿಸಕೂಡದೆಂಬುದು ಆ ಮನೆಯ ಕಟ್ಟಳೆ. ಬಹಳ ಹೊತ್ತಿನ ನಿರೀಕ್ಷೆಯ ಬಳಿಕ ಕೋಣೆಯಲ್ಲಿ ಸ್ಪಷ್ಟವಾದ, ತುಂಬುದನಿಯ, ನೆಮ್ಮದಿಯ ತೇಗೊಂದು ಕೇಳಿಸಿತು. ಅಜ್ಜಿ ಕೈಮುಗಿದರು, ಅಳಿಯ ಆ್ಯಪ್‌ನಲ್ಲಿ ಗುರುತು ಹಾಕಿದನು, ಕೂಸನ್ನು ಮಲಗಿಸಲಾಯಿತು, ತೊಟ್ಟಿಲು ಮುಟ್ಟಿದ ಗಳಿಗೆಯಲ್ಲೇ ಅದು ಛಾವಣಿ ಹಾರುವಂತೆ ಚೀರಿತು.

ಆ ತೇಗಿನ ಕರ್ತೃ ಯಾರೆಂಬ ಪ್ರಶ್ನೆ ಅಲ್ಲಿಂದ ಹುಟ್ಟಿಕೊಂಡಿತು. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ವಿಷಯದಲ್ಲಿ ಕನ್ನಡ ವಿದ್ವಾಂಸರು ತೋರಿದ ತಾಳ್ಮೆಯನ್ನು ಈ ಕುಟುಂಬ ತೋರಲಿಲ್ಲವಾದರೂ, ವಾದದ ಕ್ರಮ ಹೆಚ್ಚೂಕಡಿಮೆ ಅದೇ ಆಗಿತ್ತು. ಕೂಸಿನ ಪಕ್ಷ ವಹಿಸಿದ ಅಜ್ಜಿ, ತೇಗು ಕೇಳಿದ ಕ್ಷಣದಲ್ಲಿ ಅದರ ಬೆನ್ನಿನ ಮೇಲೆ ಅಳಿಯನ ಕೈಯಿತ್ತೆಂಬ ಬಾಹ್ಯ ಸಾಕ್ಷ್ಯವನ್ನು ಮುಂದಿಟ್ಟರು. ಹುಟ್ಟಿದ ದಿನ ಒಂದು ಸಲಕ್ಕೆ 5ರಿಂದ 7 ಮಿಲಿಲೀಟರ್ ಹಾಲನ್ನಷ್ಟೇ ಹಿಡಿಯುವ ಕೂಸಿನ ಹೊಟ್ಟೆ ಐದನೆಯ ವಾರಕ್ಕೆ ಎಷ್ಟು ಹಿಗ್ಗಿದರೂ ಅಂಥ ಮಂದ್ರಸ್ಥಾಯಿಯ ನಾದವನ್ನು ಹೊರಡಿಸಲಾರದೆಂಬ ಆಂತರಿಕ ಸಾಕ್ಷ್ಯವನ್ನು ಮಗಳು ಒದಗಿಸಿದಳು. ವೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳ ಕೆಲಸ ಮಾಡುವ ಅಳಿಯ, ಶಬ್ದ ಬಂದ ದಿಕ್ಕನ್ನು ಕಂಡುಹಿಡಿಯಲು ಫೋನನ್ನು ಅದೇ ಜಾಗದಲ್ಲಿಟ್ಟು, ಮಾವನವರು ಇನ್ನೊಮ್ಮೆ ತೇಗಿದರೆ ಹೋಲಿಸಿ ನೋಡಬಹುದೆಂದು ವಿನಯದಿಂದ ಸೂಚಿಸಿದನು. “ರೀ, ನಿಜ ಹೇಳಿ, ಅದು ನೀವೇ ತಾನೆ?” ಎಂದು ಅಜ್ಜಿ ಕೇಳಿದಾಗ ತಾತನ ಹಣೆ ಪರದೆಯಿಂದ ಮೆಲ್ಲನೆ ಮರೆಯಾಯಿತು. ಮಾರನೆಯ ದಿನ ಅವರು ತಪ್ಪೊಪ್ಪಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಊಟವಾದ ಮೇಲೆ ತೇಗುವುದು ಅಪರಾಧವೆಂದು ಯಾವ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲೂ ಬರೆದಿಲ್ಲವೆಂದು ಮಾತ್ರ ಹೇಳಿದರು.

ಇಷ್ಟೆಲ್ಲ ವಾದಕ್ಕೆ ಕಾರಣವಾದ ತೇಗಿನಿಂದ ಪ್ರಯೋಜನವೇನೆಂಬುದೂ ಸಂಶಯಾಸ್ಪದ. ಚಂಡೀಗಢದ ಪಿಜಿಐ ಆಸ್ಪತ್ರೆಯ ತಂಡ 71 ತಾಯಿ–ಮಗು ಜೋಡಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನು ತಟ್ಟಿ ತೇಗಿಸಿದ ಕೂಸುಗಳ ಹೊಟ್ಟೆನುಲಿತ ಕಡಿಮೆಯಾಗಲಿಲ್ಲ, ಅವು ಹಾಲು ಕಕ್ಕುವುದು ಮಾತ್ರ ಹೆಚ್ಚಾಯಿತು. ಅಳಿಯ ಇದನ್ನು ಓದಿ ಹೇಳಿದಾಗ ಅಜ್ಜಿ, ಚಂಡೀಗಢದವರು ಗೋಧಿ ತಿನ್ನುವವರು ಎಂದು ಉತ್ತರಿಸಿ ವಿಷಯವನ್ನು ಮುಕ್ತಾಯಗೊಳಿಸಿದರು.

ಬಾಣಂತಿಯ ಪಥ್ಯದ ವಿಷಯದಲ್ಲೂ ಅವರ ನಿಲುವು ಅಷ್ಟೇ ಗಟ್ಟಿ. ನಂಜು, ವಾಯು ಎಂಬ ಎರಡು ತಲೆಬರಹಗಳ ಕೆಳಗೆ ಆಲೂಗಡ್ಡೆ, ಬದನೆ, ಕಡಲೆ, ಎಲೆಕೋಸು, ಎಲ್ಲಕ್ಕಿಂತ ಮೇಲಾಗಿ ಅವರೆಕಾಳು ನಿಷಿದ್ಧವಾಗಿದ್ದವು. ಗಂಡ ತೇಗಿದ್ದು ಅವರೆಯನ್ನು ತಿಂದೇ ಎಂಬುದು ಈ ಪಟ್ಟಿಗೆ ಹೊಸ ಪುರಾವೆಯಾಯಿತು. ಶಾರೀರಶಾಸ್ತ್ರದ ಪ್ರಕಾರ ಕಾಳುಗಳ ನಾರು ತಾಯಿಯ ಕರುಳಿನಲ್ಲಿ ಹುದುಗಿ ಉಂಟಾಗುವ ಗಾಳಿ ಅಲ್ಲಿಯೇ ಇದ್ದು ಹೋಗುತ್ತದೆಯೇ ಹೊರತು ಎದೆಹಾಲಿಗೆ ಇಳಿಯುವುದಿಲ್ಲ. ಕೆಲವು ಕೂಸುಗಳಿಗೆ ತೊಂದರೆ ಕೊಡುವುದು ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನು. ಆದರೆ ಹಸುವಿನ ಹಾಲನ್ನು ಆಕ್ಷೇಪಿಸುವ ಧೈರ್ಯ, ತಾತ ಹಸು ಕಟ್ಟಿಕೊಂಡು ಕುಳಿತಿರುವ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅಜ್ಜಿ ಬಲವಂತವಾಗಿ ತಿನ್ನಿಸಿದ ಬೆಳ್ಳುಳ್ಳಿಯ ಪರವಾಗಿ ಮಾತ್ರ ವಿಜ್ಞಾನ ಸಾಕ್ಷಿ ನುಡಿಯುತ್ತದೆ: ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಸಂಶೋಧಕರು 1991ರಲ್ಲಿ ವರದಿ ಮಾಡಿದಂತೆ, ಬೆಳ್ಳುಳ್ಳಿ ತಿಂದ ತಾಯಿಯ ಹಾಲಿಗೆ ಅದರ ವಾಸನೆ ಬರುತ್ತದೆ, ಕೂಸುಗಳು ಆಗ ಹೆಚ್ಚು ಹೊತ್ತು ಮೊಲೆಗೆ ಅಂಟಿಕೊಂಡಿರುತ್ತವೆ.

ಗ್ರೈಪ್ ವಾಟರಿನ ವಂಶಾವಳಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಅಜ್ಜಿ ಅದನ್ನು ನಮ್ಮ ಕಡೆಯ ಔಷಧಿಯೆಂದು ತಿಳಿದು ಡಚ್ಚರಿಂದ ಬಚ್ಚಿಟ್ಟಿದ್ದರು. ಅದನ್ನು ತಯಾರಿಸಿದವನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್. ಅದರ ಮುಖ್ಯ ದ್ರವ್ಯ ಸಬ್ಬಸಿಗೆಯ ಎಣ್ಣೆ. ಮೊದಲಿನ ತಯಾರಿಕೆಯಲ್ಲಿ ಮದ್ಯಸಾರವೂ ಇತ್ತು, ಆದ್ದರಿಂದ ಆ ಕಾಲದ ಕೂಸುಗಳು ಸುಮ್ಮನಾದದ್ದರಲ್ಲಿ ಆಶ್ಚರ್ಯವಿಲ್ಲ. ಹಾಲು ಹೆಚ್ಚಲೆಂದು ಅಜ್ಜಿ ದಿನವೂ ಸಬ್ಬಸಿಗೆ ಸೊಪ್ಪಿನ ಸಾರು ಮಾಡುತ್ತಿದ್ದಾಗ, ಹೆರಿಗೆಯ ಸಂಭ್ರಮಕ್ಕೆ ಡಚ್ ನೆರೆಹೊರೆಯವರು ತಂದುಕೊಟ್ಟದ್ದು ಸೋಂಪಿನ ಜಾತಿಯ ಬೀಜಕ್ಕೆ ಸಕ್ಕರೆ ಪಾಕ ಹಿಡಿಸಿ, ಬೆಣ್ಣೆ ಸವರಿದ ರಸ್ಕಿನ ಮೇಲೆ ಉದುರಿಸಿದ ತಿನಿಸು. ಅದೂ ಹಾಲು ಹೆಚ್ಚಿಸುತ್ತದೆಂಬ ನಂಬಿಕೆ ಅವರಲ್ಲಿಯೂ ಉಂಟು. ಅಜ್ಜಿ ಅದನ್ನು ರುಚಿ ನೋಡಿ, ಇವರಿಗೂ ಒಂದಿಷ್ಟು ತಿಳಿವಳಿಕೆಯಿದೆ ಎಂದು ಒಪ್ಪಿಕೊಂಡದ್ದು ಆ ಚಳಿಗಾಲದ ಮಹತ್ವದ ರಾಜತಾಂತ್ರಿಕ ಘಟನೆ. ಬಜೆಯ ವಿಷಯದಲ್ಲಿ ಸಂಧಾನ ಇಷ್ಟು ಸುಲಭವಾಗಲಿಲ್ಲ; ಅದರಲ್ಲಿರುವ ಬೀಟಾ-ಅಸರೋನ್ ವಿಷಕಾರಿಯೆಂದೂ, ತೇಯುವ ಕಲ್ಲಿನಿಂದ ಸೋಂಕು ತಗಲಬಹುದೆಂದೂ, ಬಜೆಯೊಡನೆ ಕೊಡುವ ಜೇನಿನಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳಿರಬಹುದಾದ್ದರಿಂದ ವರ್ಷ ತುಂಬುವವರೆಗೆ ಅದನ್ನು ನೆಕ್ಕಿಸಬಾರದೆಂದೂ ಮಗಳು ಹಟ ಹಿಡಿದಳು. ಕೊನೆಗೆ ಇಂಗು ಹೊಕ್ಕುಳಿನ ಸುತ್ತ, ಗ್ರೈಪ್ ವಾಟರ್ ಕಪಾಟಿನೊಳಗೆ, ಬಜೆ ಪೆಟ್ಟಿಗೆಯೊಳಗೆ ಎಂಬ ಗಡಿ ಒಪ್ಪಂದವಾಯಿತು.

ಆದರೆ ಎಲ್ಲ ಜಗಳವೂ ನಗುವಂಥದ್ದಾಗಿರಲಿಲ್ಲ. ಮೊದಲ ವಾರದಲ್ಲಿ ಕೂಸು ಮೊಲೆತೊಟ್ಟಿನ ತುದಿಯನ್ನಷ್ಟೇ ಹಿಡಿದು ಎಳೆಯುತ್ತಿದ್ದರಿಂದ ತೊಟ್ಟು ಬಿರಿದು, ಪ್ರತಿ ಸಲದ ಹಾಲೂಡಿಕೆಯೂ ತಾಯಿಗೆ ಹಲ್ಲು ಕಚ್ಚಿ ಸಹಿಸುವ ಕೆಲಸವಾಗಿತ್ತು, ಅಷ್ಟರಲ್ಲಿ ಅಜ್ಜಿಯ ಬಾಯಿಂದ ಬಂದ “ಹಾಲು ಸಾಲ್ದೇನೋ” ಎಂಬ ಮಾತಿಗೆ ಮಗಳು ರಾತ್ರಿಯಿಡೀ ಅತ್ತಳು. ನೆದರ್ಲೆಂಡ್ಸಿನಲ್ಲಿ ಕ್ರಾಮ್‌ಜೋರ್ಖ್ ಎಂಬ ವ್ಯವಸ್ಥೆಯಡಿ, ಹೆರಿಗೆಯ ನಂತರದ ಸುಮಾರು ಎಂಟು ದಿನ ತರಬೇತಾದ ಆರೈಕೆಗಾರ್ತಿಯೊಬ್ಬಳು ಮನೆಗೇ ಬಂದು ಬಾಣಂತಿ ಮತ್ತು ಕೂಸನ್ನು ನೋಡಿಕೊಳ್ಳುತ್ತಾಳೆ. ಹಾಗೆ ಬಂದವಳು ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಅದು ಬಾಯನ್ನು ಅಗಲವಾಗಿ ತೆರೆಯುವವರೆಗೆ ಕಾದು, ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಬರುವಂತೆ ಹಿಡಿಸಿದಳು. ಹಾಲು ಸಾಲುತ್ತದೆಯೋ ಇಲ್ಲವೋ ಎಂಬುದನ್ನು ಅಳುವಿನಿಂದ ಅಳೆಯದೆ, ಐದನೆಯ ದಿನದಿಂದಾಚೆಗೆ ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗುವುದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳುವುದು ಇವುಗಳಿಂದ ಅಳೆಯಬೇಕೆಂದು ವಿವರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿ, ತಾವೂ ಹೀಗೇ ಹಿಡಿಸುತ್ತಿದ್ದುದು, ಮರೆತುಹೋಗಿತ್ತು ಎಂದರು. ಭಾಷೆ ತಿಳಿಯದ ಆ ಹೆಂಗಸು ಮರುದಿನದಿಂದ ಅಜ್ಜಿ ಕೊಟ್ಟ ಮೆಂತ್ಯದ ಗಂಜಿಯನ್ನು ಮರುಮಾತಿಲ್ಲದೆ ಕುಡಿದಳು.

ದೊಡ್ಡಬಳ್ಳಾಪುರದ ನೇಕಾರರ ಮನೆಯೇ ಅಜ್ಜಿಯ ತವರು. ಪವರ್‌ಲೂಮಿನ ಸದ್ದಿನ ನಡುವೆ ಜೋಲಿ ಕಟ್ಟಿ ಮಲಗಿಸಿದ್ದ ತಮ್ಮ ಮಗಳು, ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಎದ್ದು ಅಳುತ್ತಿದ್ದಳೆಂದು ಅವರು ನೆನೆದದ್ದೇ ತಡ, ತಾತ ಬಸ್ಸು ಹತ್ತಿ ಭಾವಮೈದುನನ ಮನೆಗೆ ಹೋಗಿ ಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದು ಕಳುಹಿಸಿದರು. ಅಳಿಯ ಹಣ ಕೊಟ್ಟು ಕೊಂಡಿದ್ದ ಮಳೆಯ ಸದ್ದು, ಕಡಲಿನ ಸದ್ದುಗಳಿಗಿಂತ ಇದು ಮೇಲೆಂದು ಹೇಳಲಾಗದು, ಕೆಲವು ಸಂಜೆ ಕೂಸು ಸುಮ್ಮನಾಗುತ್ತಿತ್ತು, ಕೆಲವು ಸಂಜೆ ಇಲ್ಲ. ಅದರ ತಾಯಿ ಮಾತ್ರ ಪ್ರತಿ ಸಲವೂ ನಿದ್ದೆಹೋದಳು.

ಹಸಿರು ಬಣ್ಣದ ಅಥವಾ ದೂರಕ್ಕೆ ಚಿಮ್ಮುವ ವಾಂತಿ, ಜ್ವರ, ಮಲದಲ್ಲಿ ರಕ್ತ, ತೂಕ ಏರದಿರುವುದು ಇವು ಕಂಡರೆ ಅಜ್ಜಿ, ಅಳಿಯ, ಆ್ಯಪ್ ಮೂವರನ್ನೂ ಬದಿಗಿಟ್ಟು ಕೂಸನ್ನು ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಇಂಥವೇನೂ ಇಲ್ಲದ ಹೊಟ್ಟೆನುಲಿತಕ್ಕೆ ಕಾಲವೇ ಔಷಧಿಯಾದ್ದರಿಂದ, ಅದು ಇಳಿಯುವ ವಾರದಲ್ಲಿ ಯಾವ ಮದ್ದು ಚಾಲ್ತಿಯಲ್ಲಿರುತ್ತದೆಯೋ ಕೀರ್ತಿ ಅದಕ್ಕೆ ಸಲ್ಲುತ್ತದೆ. ಇದರ ಕ್ರೂರ ನಿದರ್ಶನ ಈ ಕುಟುಂಬದಲ್ಲೇ ಒದಗಿತು. ಹನ್ನೊಂದನೆಯ ವಾರದಲ್ಲಿ, ಅಜ್ಜಿಯ 90 ದಿನಗಳು ತೀರಲು ಕೆಲವೇ ದಿನ ಉಳಿದಿದ್ದಾಗ, ಅಳಿಯನ ತಾಯಿ, ಅಂದರೆ ಬೀಗಿತ್ತಿ, ಹಾಸನದಿಂದ ಬಂದಿಳಿದರು. ಬಂದವರೇ ಕೈಕಾಲು ತೊಳೆದು, ಕೂಸನ್ನು ಮಡಿಲಿಗೆ ಹಾಕಿಕೊಂಡು, ಬಿಸಿ ಮಾಡಿದ ವೀಳ್ಯದೆಲೆಯನ್ನು ಅದರ ಹೊಟ್ಟೆಯ ಮೇಲಿಟ್ಟರು. ಅಂದಿನ ಸಂಜೆ ಕೂಸು ಅಳಲಿಲ್ಲ, ಮರುದಿನವೂ ಅಳಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಎರಡೂವರೆ ತಿಂಗಳು ಒದ್ದಾಡಿದಿರಾ ಎಂದು ಬೀಗಿತ್ತಿ ಮರುಕದಿಂದ ಕೇಳಿದರೆಂದೂ, ಅಜ್ಜಿ ವಿಮಾನ ನಿಲ್ದಾಣದವರೆಗೂ ಬಾಯಿ ಬಿಡಲಿಲ್ಲವೆಂದೂ ಮಗಳು ವರದಿ ಮಾಡಿದ್ದಾಳೆ. ಬಾಣಂತನಕ್ಕೆ ಹೊರಟಿರುವ ಹಿರಿಯರಲ್ಲಿ ಕೀರ್ತಿಯ ಆಸೆಯುಳ್ಳವರು ಯಾರಾದರೂ ಇದ್ದರೆ, ಅವರು ಎರಡನೆಯ ತಿಂಗಳು ತುಂಬಿದ ಮೇಲೆ ಟಿಕೆಟ್ ಮಾಡಿಸುವುದು ಒಳ್ಳೆಯದು. ಕೆಲಸ ಮಾಡಬೇಕೆನ್ನುವವರು ಹೆರಿಗೆಗೆ ಮುಂಚೆಯೇ ಹೋಗತಕ್ಕದ್ದು.